ಬೀಜದ ಸೋರೆಕಾಯಿ ಕಿತ್ತ ಕೈ

ಸಾಸಲಿನಿಂದ ಶಾಲೆಗೆ ವ್ಯಾನಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಷ್ಟರಲ್ಲಿ ಮಕ್ಕಳ ನಡುವೆ ಬೈಗುಳದ ಸಂತೆಯೇ ನೆರೆದು ಮುಗಿಯುತ್ತಿತ್ತು. ಹೊಸ ಮಾತು ತಂದವರಿಗೆ ಕಿಟಕಿ ಪಕ್ಕದ ಸೀಟು. ಎರಡು ವಾರದಿಂದ ಆ ಸೀಟು ಐದನೇ ಕ್ಲಾಸಿನ ಪ್ರಮೋದಾಳದ್ದು. ಅವಳ ಮಾವ ಬೆಂಗಳೂರಿನಲ್ಲಿ ಆಟೊ ಓಡಿಸುತ್ತಾನೆ. ಅವನು ಫೋನಿನಲ್ಲಿ ಯಾರ ಮೇಲಾದರೂ ರೇಗಿದರೆ ಮರುದಿನ ವ್ಯಾನಿಗೆ ಮೂರು ಹೊಸ ಸರಕು. ಲೋಫರ್, ಬೇವರ್ಸಿ ಎಲ್ಲ ಹಳತಾಗಿ ಒಂದನೇ ಕ್ಲಾಸಿನವರ ಪಾಲಾಗಿದ್ದವು.

ನಾಲ್ಕನೇ ಕ್ಲಾಸಿನ ಮಾನಸಳಿಗೆ ಈ ಸೋಲು ಕಾಲಿನ ಮುಳ್ಳು. ಯಾಕೆಂದರೆ ಗಣಿ ಇದ್ದದ್ದು ಅವಳ ಮನೆಯಲ್ಲಿ. ಅಜ್ಜಿ ಪಾಪಕ್ಕ ಬೈಯುವುದರಲ್ಲಿ ಹೋಬಳಿಗೇ ಹೆಸರಾದವಳು. ಸುಮ್ಮಸುಮ್ಮನೆ ಬಾಯಿ ಹರಿಬಿಡುವವಳಲ್ಲ. ಏನಾದರೂ ಕಳುವಾದರೆ ಮಾತ್ರ ಬೀದಿ ನಡುವೆ ನಿಂತು, ಹಿಡಿ ಮಣ್ಣು ತೂರಿ, ಯಾರ ಹೆಸರೂ ಎತ್ತದೆ ಶಾಪ ಹಾಕುತ್ತಾಳೆ. ಹೋದ ವರ್ಷ ಕೋಳಿ ಹೋದಾಗ ಹಾಕಿದ್ದು ಮಾನಸಳಿಗೆ ಅರ್ಧಂಬರ್ಧ ನೆನಪು. ಆಮೇಲೆ ಈ ದರಿದ್ರದ ಊರಿನಲ್ಲಿ ಯಾರೂ ಏನೂ ಕದ್ದಿರಲಿಲ್ಲ.

ಭಾನುವಾರ ಬೆಳಿಗ್ಗೆ, ಅಜ್ಜಿ ಹಸುವಿನ ಹತ್ತಿರ ಇದ್ದಾಗ, ಮಾನಸ ಬೇಲಿಯ ಮೇಲಿದ್ದ ಸೋರೆಕಾಯಿ ಕಿತ್ತು ಹುಲ್ಲಿನ ಮೆದೆಯೊಳಗೆ ತುರುಕಿದಳು. ತ್ಯಾಮಗೊಂಡ್ಲಿನ ತವರಿಂದ ಬಂದ ತಳಿ ಅದು. ಬೀಜಕ್ಕೆ ಬಿಟ್ಟದ್ದು ಅಂತ ಅಜ್ಜಿ ತೊಟ್ಟಿಗೆ ಬಟ್ಟೆ ಚೂರು ಕಟ್ಟಿದ್ದಳು. ಅಂಥದ್ದನ್ನು ಆ ಊರಿನ ಕಳ್ಳರೂ ಮುಟ್ಟುವುದಿಲ್ಲ.

ಎಂಟು ಗಂಟೆಗೆ ಪಾಪಕ್ಕ ಸೆರಗು ಬಿಗಿದು ಬೀದಿಗಿಳಿದಳು. ಮಾನಸ ನೀರಿನ ತೊಟ್ಟಿಯ ಹಿಂದೆ ಕೂತು, ಬಲಗೈ ಬೆರಳು ಒಂದೊಂದೇ ಮಡಿಸುತ್ತ ಕಿವಿಯಾದಳು.

"ನನ್ ಬೀಜದ ಕಾಯಿ ಮುಟ್ಟಿದೋರ ಮನೆ ಎಕ್ಕುಟ್ಟೋಗ. ಅವ್ರ ಒಲೇಲಿ ಬೆಕ್ಕು ಮಲಗ. ಅವ್ರ ಸೊಲ್ಲಡಗ. ಅವ್ರನ್ನ ಹೆತ್ತೋನ ಬಂಡಿ ಅಚ್ಚು ಮುರಿಯ."

ಒಂದಕ್ಕಿಂತ ಒಂದು ಮುತ್ತು. ಪ್ರಮೋದಾಳ ಮಾವ ಇದರ ಮುಂದೆ ಅಂಗನವಾಡಿ ಮಗು.

"ಕಿತ್ತ ಕೈ ಸೇದೋಗ."

ಐದನೇ ಬೆರಳು ಮಡಿಸುತ್ತಿದ್ದ ಮಾನಸ ತನ್ನ ಕೈ ನೋಡಿಕೊಂಡಳು. ಅದೇ ಕೈ. ಆಮೇಲೆ ಅಜ್ಜಿ ಏನೇನು ಅಂದಳೋ ಅವಳಿಗೆ ಕೇಳಿಸಲಿಲ್ಲ. ಎದುರು ಮನೆಯ ಮುತ್ತಮ್ಮ ಧಡಾರನೆ ಬಾಗಿಲು ಹಾಕಿಕೊಂಡದ್ದು ಮಾತ್ರ ಕೇಳಿಸಿತು.

"ದೀಪ ಹಚ್ಚೋ ಹೊತ್ಗೆ ಮುಟ್ತದೆ, ನೋಡ್ತಿರು," ಎಂದು ಅಜ್ಜಿ ಕೈ ತೊಳೆದು ಮುದ್ದೆಗೆ ನೀರಿಟ್ಟಳು.

ಆ ದಿನ ಮಾನಸ ಕೂತಲ್ಲಿ ಕೂರಲಿಲ್ಲ. ಹತ್ತು ಗಂಟೆಗೆ ಹೆಬ್ಬೆರಳು ಜುಮ್ಮೆಂದಿತು. ಹನ್ನೊಂದಕ್ಕೆ ಜುಮ್ಮೆನ್ನುವುದು ನಿಂತಿತು. ಅದು ಇನ್ನೂ ಕೆಟ್ಟದ್ದಿರಬಹುದು. ಮೆದೆಯ ಹತ್ತಿರ ಹೋಗಿ ಬಂದಳು, ಮತ್ತೆ ಹೋದಳು. ಕಿತ್ತ ಕಾಯಿಯನ್ನು ಬಳ್ಳಿಗೆ ಅಂಟಿಸುವ ಉಪಾಯ ಹೊಳೆಯಲಿಲ್ಲ. ಕೇಳಿಸಿಕೊಂಡ ಶಾಪಕ್ಕಿಂತ ಕೇಳಿಸಿಕೊಳ್ಳದೇ ಹೋದ ಶಾಪಗಳ ಭಯವೇ ದೊಡ್ಡದಾಗಿತ್ತು. ಅದರಲ್ಲಿ ಎಡಗೈಯದೂ ಇದ್ದರೆ?

ಬಿಸಿಲು ಇಳಿದಾಗ ತಡೆಯಲಾಗದೆ ಹೇಳಿಬಿಟ್ಟಳು.

"ಅಜ್ಜಿ, ಕಾಯಿ ನಾನೇ ಕಿತ್ತಿದ್ದು."

"ಯಾಕೇ?"

"ನೀನು ಬೈಯ್ಲಿ ಅಂತ."

ಪಾಪಕ್ಕನ ಕೈ ಮೇಲೆದ್ದಿತು, ಅರ್ಧಕ್ಕೇ ನಿಂತಿತು. ಬಾಯಿ ಲೆಕ್ಕ ಹಾಕತೊಡಗಿತು. ಎಕ್ಕುಟ್ಟೋಗ ಅಂದದ್ದು ಯಾವ ಮನೆಗೆ? ಹೆತ್ತವನು ಯಾರು?

"ನಿಮ್ಮಪ್ಪಂಗೆ ಫೋನ್ ಮಾಡೇ ಮೊದ್ಲು."

ಅಪ್ಪ ಶ್ರೀಧರ್ ಏರ್‌ಪೋರ್ಟ್ ಕಡೆ ಕ್ಯಾಬ್ ಓಡಿಸುತ್ತಾನೆ.

"ಎಲ್ಲಿದ್ದೀಯೋ? ಗಾಡಿ ನಿಲ್ಸು."

"ಪ್ಯಾಸೆಂಜರ್ ಅವ್ರೆ ಕಣವ್ವ. ದೇವನಹಳ್ಳಿ ಹತ್ರ ಇದ್ದೀನಿ. ಏನಾಯ್ತು?"

"ಏನಿಲ್ಲ. ಮೆತ್ಗೆ ಓಡ್ಸು. ಅಚ್ಚು ನೋಡ್ಕೋ."

ಫೋನಿಟ್ಟು ಮೊಮ್ಮಗಳನ್ನು ಎಳೆದುಕೊಂಡು ಬೀದಿಗೆ ಬಂದಳು. ಶಾಪ ಕಳೆಯಬೇಕಾದರೆ ಮಣ್ಣು ತೂರಿದ ಜಾಗದಲ್ಲೇ ನಿಂತು ಬೈದದ್ದನ್ನೆಲ್ಲ ಒಂದೊಂದಾಗಿ ತಿರುಗಿಸಿ ಹೇಳಬೇಕು. ಒಂದು ಬಿಟ್ಟರೂ ಅದು ಹಾಗೇ ಉಳಿದುಬಿಡುತ್ತದೆ. ಆದರೆ ಪಾಪಕ್ಕನಿಗೆ ಒಂದೂ ನೆನಪಿಲ್ಲ. ಬೈಯುವವರು ನೆನಪಿಟ್ಟುಕೊಂಡು ಬೈಯುತ್ತಾರೆಯೇ?

ಮಾನಸ ಒಪ್ಪಿಸುತ್ತ ಹೋದಳು. ಅಜ್ಜಿ ಮನೆ ಬೆಳಗಿಸಿದಳು, ಒಲೆ ಉರಿಸಿದಳು, ಸೊಲ್ಲು ಎಬ್ಬಿಸಿದಳು, ಬಂಡಿಯ ಅಚ್ಚು ಗಟ್ಟಿ ಮಾಡಿದಳು. "ಕಿತ್ತ ಕೈ ಚಿಗುರ್ಲಿ," ಅಂದು, "ಆಮೇಲೆ?" ಅಂದಳು.

"ಆಮೇಲಿಂದು ಕೇಳಿಸ್ಲಿಲ್ಲ ಅಜ್ಜಿ. ಭಯ ಆಯ್ತು."

ಹೊತ್ತು ಮುಳುಗುತ್ತಿತ್ತು. ಪಾಪಕ್ಕ ಎದುರು ಬಾಗಿಲನ್ನು ನೋಡಿದಳು. ಬೆಳಗಿನ ಅಷ್ಟೂ ಮಾತನ್ನು ಒಂದು ಚೂರೂ ಚೆಲ್ಲದೆ ಇಟ್ಟುಕೊಂಡಿರುವ ಜೀವ ಆ ಬೀದಿಯಲ್ಲಿ ಒಂದೇ ಇತ್ತು.

ಮುತ್ತಮ್ಮ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಬಾ ಪಾಪಕ್ಕ. ಬೆಳಗ್ಗೆ ಉಳಿಸ್ಕೊಂಡಿದ್ದೇನಾದ್ರೂ ಕೊಡೋಕೆ ಬಂದ್ಯಾ?"

"ನಿಂಗಲ್ಲ ಕಣೆ ಬೈದಿದ್ದು."

"ನನ್ ಬಾಗ್ಲಿಗೇ ಅಲ್ವಾ ಮಣ್ಣು ಬಿದ್ದಿದ್ದು?"

"ಗಾಳಿ ಈ ಕಡೆಗಿತ್ತು." ಪಾಪಕ್ಕ ಮಾನಸಳನ್ನು ಮುಂದಕ್ಕೆ ತಳ್ಳಿದಳು. "ನನ್ ಮೊಮ್ಮಗಳೇ ಕಿತ್ತವ್ಳೆ. ಬೈಗುಳ ಕಲಿಯೋಕಂತೆ."

ಮುತ್ತಮ್ಮನ ಕೈ ನಿಂತಿತು. ಮಾನಸಳನ್ನು ಮೇಲಿಂದ ಕೆಳಗೆ ನೋಡಿದಳು.

"ಅಲ್ಲ ಕಣ್ ಮಗ, ಅದಕ್ಕೆ ಬೀಜದ ಕಾಯಿ ಯಾಕೆ ಕೀಳ್ಬೇಕಿತ್ತು? ನನ್ ಕೇಳಿದ್ರೆ ಹೇಳ್ತಿರ್ಲಿಲ್ವ?"

"ಕೈ ಆದ್ಮೇಲೆ ಏನಂದೆ ನಾನು, ಹೇಳೆ. ಹೊತ್ತಾಯ್ತದೆ."

ಮುತ್ತಮ್ಮ ಮೊರ ಪಕ್ಕಕ್ಕಿಟ್ಟು ಕಾಲು ಚಾಚಿದಳು. "ಕಣ್ಣು ಹಿಂಗೋಗ, ಅಂದೆ."

"ಕಣ್ಣು ಕಾಣ್ಲಿ."

"ತೊಟ್ಲು ತೂಗದಂಗಾಗ."

"ತೂಗ್ಲಿ. ನಿಧಾನಕ್ಕೆ ತೂಗ್ಲಿ, ಇದಕ್ಕಿನ್ನೂ ಒಂಬತ್ತೇ ವರ್ಷ."

"ನೆರೆಯೋರ ನೆಮ್ಮದಿ ಕೆಡಿಸ್ದೋಳ ಹಲ್ಲು ಮುದ್ದೇಲೇ ಉದುರ."

ಪಾಪಕ್ಕ ತಡೆದಳು. "ಇದು ನಾನ್ ಬೈದಿದ್ದಲ್ಲ."

"ಅಲ್ವಾ? ಹಂಗಾರೆ ಬಿಡು, ಅದು ಹಂಗೇ ಇರ್ಲಿ."

ಪಾಪಕ್ಕನ ನಾಲಗೆ ಉಳಿದಿದ್ದ ನಾಲ್ಕು ಹಲ್ಲಿನ ಮೇಲೆ ಒಮ್ಮೆ ಓಡಾಡಿ ಬಂತು.

"ಗಟ್ಟಿಯಾಗಿರ್ಲಿ," ಅಂದಳು. "ಮುಗೀತಾ?"

"ತಡಿ, ನೆನಸ್ಕೊತೀನಿ," ಅಂದಳು ಮುತ್ತಮ್ಮ, ಆರಾಮಾಗಿ ಕಂಬಕ್ಕೊರಗಿ.

ಮಾನಸ ಕತ್ತಲಾಗುತ್ತಿದ್ದ ಬೀದಿಯನ್ನೊಮ್ಮೆ ನೋಡಿದಳು, ಮುತ್ತಮ್ಮನ ಬಾಯನ್ನೊಮ್ಮೆ ನೋಡಿದಳು, ಇನ್ನಷ್ಟು ಹತ್ತಿರ ಸರಿದು ಕೂತಳು.