ಪೆನಾಲ್ಟಿ ಕಾರ್ನರಿಗೆ ಒಂದು ಮಸಾಲೆ ದೋಸೆ

ಆಟ ಶುರುವಾಗಿ ಇನ್ನೂ ಬೆವರು ಹರಿದಿರಲಿಲ್ಲ, ಸಂಕಪ್ಪ ಆಗಲೇ ಮೂರು ಕಂಪನಿಗಳ ವಂಶಕ್ಕೆ ಶಾಪ ಹಾಕಿದ್ದ. ಘಾಜಿಯಾಬಾದಿನ ಅವನ ಹೋಟೆಲಿನ ಗೋಡೆಯ ಟಿವಿಯಲ್ಲಿ ರಾಂಚಿಯಿಂದ ಹುಡುಗಿಯರ ಹಾಕಿ ಲೀಗಿನ ಪಂದ್ಯ ಬರುತ್ತಿತ್ತು. ಬರುತ್ತಿತ್ತು ಎನ್ನುವುದು ಮರ್ಯಾದೆಗೆ ಹೇಳುವ ಮಾತು. ಮೈದಾನದ ನಡುವೆ ಸಿಮೆಂಟ್ ಚೀಲ ಎದ್ದು ನಿಲ್ಲುತ್ತಿತ್ತು, ಗೋಲಿನ ಹಿಂದೆ ಪಾನ್ ಮಸಾಲೆ ಮಿಂಚುತ್ತಿತ್ತು, ಚೆಂಡು ಎಡಕ್ಕೆ ಓಡಿದರೆ ಅದೇ ಎಡಗಡೆಯಿಂದ ಸಾಲ ಕೊಡುವವನೊಬ್ಬ ಹಲ್ಲು ಕಿರಿಯುತ್ತ ಒಳಗೆ ಬರುತ್ತಿದ್ದ. ಈ ಜಾಹೀರಾತಿನ ಸಂತೆಯ ಸಂದಿಯಲ್ಲೆಲ್ಲೋ ಹುಡುಗಿಯರು ಹಾಕಿ ಆಡುತ್ತಿದ್ದರು. ಅವರಲ್ಲೊಬ್ಬಳು ಸಂಕಪ್ಪನ ಮಗಳು ಶ್ರಾವ್ಯಾ.

"ಕಳ್ಳರು. ಹೆಣ ಹೊರುವಾಗಲೂ ಚಟ್ಟಕ್ಕೆ ಬೋರ್ಡು ಕಟ್ಟಿಯಾರು," ಎಂದ.

"ನೀವು ಸುಮ್ಮನೆ ನೋಡಿ," ಎಂದಳು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಹೆಂಡತಿ ಪುಷ್ಪಾವತಿ.

ಟಿವಿಯಲ್ಲಿ ಮಗಳ ಮೊದಲ ಪಂದ್ಯ ಅದು. ಭಾನುವಾರದ ಗಿರಾಕಿಗಳಿಗೆಲ್ಲ ಸಂಕಪ್ಪ ಸುದ್ದಿ ಹಂಚಿಯಾಗಿತ್ತು. ಶ್ರಾವ್ಯಾಳ ಕೆಲಸ ಗೋಲು ಹೊಡೆಯುವುದಲ್ಲ. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲಿನೊಳಗಿಂದ ಎಲ್ಲರಿಗಿಂತ ಮೊದಲು ಹೊರಗೆ ಓಡಿ, ಗುಂಡಿನಂತೆ ಬರುವ ಚೆಂಡಿಗೆ ಮೈ ಒಡ್ಡುವುದು. ಹೋದ ವರ್ಷ ಇದೇ ಕೆಲಸದಲ್ಲಿ ಬಲ ಮೊಣಕಾಲು ಒಡೆದುಕೊಂಡು ತಿಂಗಳುಗಟ್ಟಲೆ ಮಲಗಿದ್ದಳು. ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಬಿದ್ದರೆ ಆಟ ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಪೆನಾಲ್ಟಿ ಕಾರ್ನರ್ ಬಂತೆಂದರೆ ಪುಷ್ಪಾವತಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಏನಾಯಿತೆಂದು ಗಂಡ ಹೇಳಬೇಕು. ಹೆದರುಪುಕ್ಕಲಿ ಎಂದು ಅವನು ಹೆಂಡತಿಯನ್ನು ಹೀಯಾಳಿಸುತ್ತಿದ್ದ.

ಕೊನೆಯ ಕ್ವಾರ್ಟರಿನಲ್ಲಿ, ಶ್ರಾವ್ಯಾಳ ತಂಡ ದಿಲ್ಲಿ ಒಂದು ಗೋಲು ಮುಂದಿರುವಾಗ, ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಶ್ರಾವ್ಯಾ ಮುಖವಾಡ ಕಟ್ಟಿಕೊಂಡು ಗೋಲಿನೊಳಗೆ ಬಗ್ಗಿ ನಿಂತಳು. ಹೋಟೆಲಿನಲ್ಲಿ ಚಮಚದ ಸದ್ದೂ ನಿಂತಿತು. ಪುಷ್ಪಾವತಿ ಕಣ್ಣು ಮುಚ್ಚಿದಳು. ಚೆಂಡು ಹೊರಗೆ ಬಂತು, ಶ್ರಾವ್ಯಾ ಓಡಿದಳು, ಹೊಡೆಯುವವಳು ಸ್ಟಿಕ್ ಎತ್ತಿದಳು. ಅಷ್ಟರಲ್ಲಿ ಪಂದ್ಯ ಕುಗ್ಗಿ ಮೂಲೆಯಲ್ಲಿ ಅಂಚೆಚೀಟಿಯಷ್ಟಾಯಿತು. ಉಳಿದ ಪರದೆಯ ಉದ್ದಗಲಕ್ಕೂ ಬೆಣ್ಣೆ ಸುರಿಯುವ ಮಸಾಲೆ ದೋಸೆಯೊಂದು ಮಲಗಿತು. ಅದರ ಹಿಂದೆ ಬಿಳಿ ಅಂಗಿ ತೊಟ್ಟು, ಕೈ ಮುಗಿದು ನಗುತ್ತಿದ್ದವನು ಸಂಕಪ್ಪನೇ.

"ಏನಾಯ್ತು?" ಕಣ್ಣು ಮುಚ್ಚಿಯೇ ಕೇಳಿದಳು ಪುಷ್ಪಾವತಿ.

"ದೋಸೆ," ಎಂದ ಸಂಕಪ್ಪ.

ಈ ಪಂದ್ಯ ಇಂಟರ್ನೆಟ್ಟಿನಲ್ಲಿ ಬರುವಂಥದ್ದು. ಯಾವ ಬಡಾವಣೆಯಲ್ಲಿ ನೋಡುತ್ತಾರೋ ಆ ಬಡಾವಣೆಯ ಅಂಗಡಿಯ ಜಾಹೀರಾತನ್ನೇ ತಂದು ಮುಖಕ್ಕೆ ಒಡ್ಡುತ್ತದೆ. ಸಂಕಪ್ಪನಿಗೆ ಇದನ್ನು ಮಾರಿದವನು ಪುಷ್ಪಾವತಿಯ ಅಣ್ಣನ ಮಗ ರಿತೇಶ್. ನೋಯ್ಡಾದಲ್ಲಿ ಕುತ್ತಿಗೆಗೆ ಕಂಪನಿಯ ಐಡಿ ಕಾರ್ಡು ಕಟ್ಟಿಕೊಂಡು ಓಡಾಡುವ ಜಾಹೀರಾತಿನ ಹುಡುಗ. ಯಾವಾಗ ಹಾಕಲಿ ಮಾವ ಎಂದು ಅವನು ಕೇಳಿದಾಗ ಸಂಕಪ್ಪ ದೊಡ್ಡ ವ್ಯಾಪಾರಿಯಂತೆ ಮೀಸೆ ತಿರುವಿದ್ದ. ಬಿಡುವಿನಲ್ಲಿ ಬೇಡ, ಆಗ ಎಲ್ಲರೂ ಉಚ್ಚೆಗೆ ಹೋಗಿರುತ್ತಾರೆ. ಉಂಡವನ ಮುಂದೆ ಯಾರಾದರೂ ಎಲೆ ಹಾಕುತ್ತಾರೆಯೇ, ಹಸಿದವನ ಮುಂದೆ ಹಾಕಬೇಕು. ಜನ ಉಸಿರು ಬಿಗಿಹಿಡಿದ ಹೊತ್ತು ನೋಡಿ ಹಾಕು ಎಂದಿದ್ದ. ಹಾಗಾದರೆ ಪೆನಾಲ್ಟಿ ಕಾರ್ನರೇ ಸರಿ ಎಂದಿದ್ದ ರಿತೇಶ್. ಆಗ ಶ್ರಾವ್ಯಾ ತಂಡಕ್ಕೆ ಆಯ್ಕೆಯಾಗಿರಲಿಲ್ಲ. ಪರದೆಯ ಅಡಿಯಲ್ಲಿ ಹರಿದುಹೋಗುವ ಒಂದು ಪಟ್ಟಿ ಎಂದಷ್ಟೇ ಸಂಕಪ್ಪ ತಿಳಿದಿದ್ದ. ಊರಿಗೆಲ್ಲ ದೋಸೆ ಅಡ್ಡ ಬಂದರೂ ತನ್ನ ಟಿವಿಗೆ ಬರಲಾರದು ಎಂಬ ಮೂರ್ಖ ನಂಬಿಕೆಯೂ ಒಳಗೆಲ್ಲೋ ಇತ್ತು.

ದೋಸೆ ಸರಿಯಿತು. ಹುಡುಗಿಯೊಬ್ಬಳು ನೆಲದ ಮೇಲೆ ಮೊಣಕಾಲು ಹಿಡಿದು ಹೊರಳುತ್ತಿದ್ದಳು. ಪಕ್ಕದಲ್ಲಿ ಮುಖವಾಡ ಬಿದ್ದಿತ್ತು. ಯಾವ ಮೊಣಕಾಲು ಎಂದು ಸಂಕಪ್ಪ ಕುರ್ಚಿ ಬಿಟ್ಟೆದ್ದು ಪರದೆಗೆ ಮುಖ ತಾಗಿಸುವಷ್ಟರಲ್ಲಿ ಮತ್ತೆ ಜಾಹೀರಾತು. ಈ ಸಲ ಮಂಡಿನೋವಿನ ಮುಲಾಮು. ಮುದುಕನೊಬ್ಬ ಅದನ್ನು ಹಚ್ಚಿಕೊಂಡು ಮೊಮ್ಮಗಳ ಜೊತೆ ಕುಣಿದ. ಅದು ಮುಗಿದಾಗ ಆಟ ನಡೆದಿತ್ತು. ಶ್ರಾವ್ಯಾ ಮೈದಾನದಲ್ಲಿರಲಿಲ್ಲ.

ಟಿವಿಯಲ್ಲಿ ಕಂಡ ದೋಸೆಯೇ ಬೇಕೆಂದು ಹಿಂದಿನ ಮೇಜಿನ ಗುಪ್ತಾಜಿ ಭುಜ ತಟ್ಟಿದ. "ಭಾಯಿಸಾಬ್, ಕ್ಯಾ ದೋಸಾ ದಿಖಾಯಾ. ಏಕ್ ವಹೀ ವಾಲಾ ಲಾವೋ."

ಸಂಕಪ್ಪ ಅವನನ್ನು ನೋಡಿದ ನೋಟಕ್ಕೆ ಗುಪ್ತಾಜಿ ತಾನಾಗಿಯೇ ನೀರು ಕುಡಿದ. ಮಗಳ ಫೋನು ಸ್ವಿಚ್ ಆಫ್ ಆಗಿತ್ತು. ರಿತೇಶನಿಗೆ ಫೋನ್ ಮಾಡಿ ಆ ದರಿದ್ರವನ್ನು ನಿಲ್ಲಿಸು ಎಂದ.

"ಇವತ್ತಿಡೀ ಬರ್ತದೆ ಮಾವ, ನಿಲ್ಲಿಸ್ಲಿಕ್ಕೆ ಆಗುದಿಲ್ಲ," ಎಂದ ರಿತೇಶ್. "ರೆಸ್ಪಾನ್ಸ್ ಸೂಪರ್ ಉಂಟು. ಆ ಹೊತ್ತಿಗೆ ಒಬ್ಬನೂ ಸ್ಕ್ರೀನಿಂದ ಕಣ್ಣು ತೆಗೀಲಿಲ್ಲ ಗೊತ್ತುಂಟಾ?"

"ಗೊತ್ತುಂಟು," ಎಂದು ಸಂಕಪ್ಪ ಫೋನ್ ಕುಕ್ಕಿದ.

ದಿಲ್ಲಿ ಗೆದ್ದಿತು. ಗೆದ್ದವರ ಸಂಭ್ರಮದ ಮೇಲೆ ಸಿಮೆಂಟ್ ಚೀಲ ಬಂದು ಕುಳಿತಿತು. ಪುಷ್ಪಾವತಿ ಗಲ್ಲಾಪೆಟ್ಟಿಗೆ ಬಿಟ್ಟು ಗಂಡನ ಪಕ್ಕ ಬಂದು ಕುಳಿತಳು. ಇಬ್ಬರೂ ಮೇಜಿನ ಮೇಲಿದ್ದ ಫೋನನ್ನೇ ನೋಡುತ್ತಿದ್ದರು. ಅದು ಅಂತೂ ಗುನುಗಿತು.

"ಅಪ್ಪ, ದೇಖಾ ನಾ? ಸೀದಾ ನನ್ನ ಪ್ಯಾಡಿಗೆ ಬಂತು. ಗೋಲ್ ಆಗ್ಲಿಕ್ಕೆ ಬಿಡ್ಲಿಲ್ಲ."

"ಯಾವ ಕಾಲು ಮಗಾ?"

"ಎಡ. ಬಲದ್ದು ಬಿಲ್ಕುಲ್ ಠೀಕ್. ಐಸ್ ಹಾಕಿದ್ದಾರೆ, ಊತ ಅಷ್ಟೆ. ನೀವು ನೋಡಿದ್ರಲ್ಲ?"

ಪುಷ್ಪಾವತಿ ಸೆರಗಿನಿಂದ ಮುಖ ಒರೆಸಿಕೊಂಡು, ಗಂಡ ಯಾವ ಸುಳ್ಳು ಹೇಳುತ್ತಾನೋ ಎಂದು ಕಾದಳು.

"ಇಲ್ಲ," ಎಂದ ಸಂಕಪ್ಪ.

"ಕ್ಯೂಂ? ನೆಟ್ ಹೋಯ್ತಾ?"

"ನೆಟ್ ಸರಿ ಇತ್ತು. ನನ್ನ ದೋಸೆ ಅಡ್ಡ ಬಂತು. ದುಡ್ಡು ಕೊಟ್ಟು ನಾನೇ ಹಾಕಿಸಿದ್ದು."

ಆ ಕಡೆ ಶ್ರಾವ್ಯಾ ನಗಲು ಶುರುಮಾಡಿ, ಕಾಲು ನೋಯುತ್ತದೆ ಎಂದು ಬೈದುಕೊಳ್ಳುತ್ತ ಮತ್ತೂ ನಕ್ಕಳು. ಗೋಡೆಯ ಮೇಲೆ ಮತ್ತೆ ಬೆಣ್ಣೆ ಸುರಿಯಿತು, ಬಿಳಿ ಅಂಗಿಯವನು ಕೈ ಮುಗಿದ. ಸಂಕಪ್ಪ ಫೋನನ್ನು ಸ್ಪೀಕರಿಗೆ ಹಾಕಿ ಹೆಂಡತಿಯ ಕಡೆ ಸರಿಸಿದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ.

"ಈಗ ಹೇಳು ಮಗಾ," ಎಂದ. "ಆ ಹೊಡೆಯುವವಳು ಸ್ಟಿಕ್ ಎತ್ತಿದಲ್ಲಿಂದ."