ಸದ್ಯಕ್ಕೆ ಹಾಕಿದ ಮೆಟ್ಟಿಲು

ಸ್ಟ್ರೆಚರು ಮೊದಲ ತಿರುವಿನಲ್ಲೇ ಸಿಕ್ಕಿಹಾಕಿಕೊಂಡಿತು. ಹೆಣ ಸಾಗಿಸುವ ವ್ಯಾನಿನ ಡ್ರೈವರು ಕೆಳಗಿಂದ ದಬ್ಬಿದ, ಮನೆ ಯಜಮಾನರ ಭಾವಮೈದ ಮೇಲಿಂದ ಎಳೆದ, ಕಬ್ಬಿಣದ ಸುರುಳಿ ಮೆಟ್ಟಿಲು ಬೀದಿಗೆಲ್ಲ ಕೇಳುವಂತೆ ಕಿರುಗುಟ್ಟಿತು. ಸ್ಟ್ರೆಚರು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

"ಖಾಲಿ ಇದ್ದಾಗ್ಲೇ ಹಿಂಗೆ," ಡ್ರೈವರು ಅದನ್ನು ವಾಪಸು ಎಳೆದುಕೊಂಡು ಹಣೆ ಒರೆಸಿಕೊಂಡ. "ಇನ್ನು ಅಮ್ಮನೋರನ್ನ ಮಲಗಿಸ್ಕೊಂಡು ಇಳಿಸೋದು ಆಗದ ಮಾತು ಸಾರ್."

ಸಾರ್ ಅನ್ನಿಸಿಕೊಂಡವರು ಗೋಡೆಗೊರಗಿ ನಿಂತಿದ್ದರು. ಊರಿನ ಆಸ್ಪತ್ರೆ, ಹೋಟೆಲು, ಆಫೀಸುಗಳಿಗೆಲ್ಲ ಲಿಫ್ಟ್ ಕೂರಿಸಿ ನಿವೃತ್ತರಾದ ಇಂಜಿನಿಯರು; ಬೀದಿಯವರ ಬಾಯಲ್ಲಿ ಲಿಫ್ಟ್ ಯಜಮಾನರು. ದೊಡ್ಡಾಸ್ಪತ್ರೆಯ ಔಷಧಿ ವಿಭಾಗವನ್ನು ನೋಡಿಕೊಂಡಿದ್ದ ಅವರ ಹೆಂಡತಿ ಬೆಳಗಿನ ಜಾವ ಮಹಡಿಯ ಕೋಣೆಯಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಯಾರಿಗೂ ತೊಂದರೆ ಕೊಡದೆ ಹೋದರು ಅಂತ ಬಂದವರೆಲ್ಲ ಹೇಳಿದ್ದರು. ತೊಂದರೆ ಈಗ ಶುರುವಾಗಿತ್ತು.

"ಊರಿಗೆ ಉಪಕಾರಿ, ಮನೆಗೆ ಮಾರಿ ಅಂದ್ರೆ ಇದೇ ನೋಡಿ," ಪಕ್ಕದ ಮನೆಯ ಟೀಚರಮ್ಮ ಪಿಸುಗುಟ್ಟಿದರು. ಅವರ ಪಿಸುಮಾತು ಕೊನೆಯ ಬೆಂಚಿಗೂ ಕೇಳುವಂಥದ್ದು.

ಭಾವಮೈದ ದಡದಡ ಇಳಿದು ಬಂದ. ಅಕ್ಕನ ಕೈಯಲ್ಲೇ ಬೆಳೆದ ತಮ್ಮ. ಬೆಳಗಿನಿಂದ ಅತ್ತ ಅಳು ಈಗ ಸಿಟ್ಟಿಗೆ ತಿರುಗಿತ್ತು.

"ಎರಡೆರಡು ಸಂಬಳ ಇಟ್ಕೊಂಡು ಒಂದು ನೆಟ್ಟಗಿರೋ ಮೆಟ್ಟಿಲು ಕಟ್ಟಿಸೋಕೆ ಆಗ್ಲಿಲ್ವಾ ಭಾವ? ನಮ್ಮಕ್ಕ ಜೀವಮಾನವೆಲ್ಲ ಈ ಬಾವಿ ಒಳಗೆ ಹತ್ತಿ ಇಳಿದ್ಲು!"

ಯಜಮಾನರು ಮೆಟ್ಟಿಲಿನ ಕಂಬಿ ಹಿಡಿದುಕೊಂಡರು.

"ಹೋದ ವರ್ಷ ಒಂದು ಮನೇಲಿ ಹಿಂಗೇ ಆಗಿತ್ತು," ಅಂದ ಡ್ರೈವರು. "ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸಿದ್ವಿ."

"ಬೀರು ಇಳಿಸಿದ ಹಾಗಾ?" ಭಾವಮೈದ ಗದರಿದ. "ಅದೆಲ್ಲ ಬೇಡ. ವೆಲ್ಡಿಂಗ್‌ನವನನ್ನ ಕರೆಸ್ತೀನಿ. ಸುತ್ತ ಇರೋ ಕಂಬೀನೆಲ್ಲ ಕೊಯ್ದು ಹಾಕಿದ್ರೆ ಸ್ಟ್ರೆಚರು ತಿರುಗುತ್ತೆ. ಹೇಗೂ ಗುಜರಿ ಮಾಲು."

"ಕೊಯ್ಯೋದು ಬೇಡ," ಅಂದರು ಯಜಮಾನರು.

"ಮತ್ತೆ ಹೇಗೆ ಇಳಿಸ್ತೀರಿ, ಹೇಳಿ?"

ಭಾವಮೈದ ಫೋನನ್ನು ಕಿವಿಗಿಟ್ಟುಕೊಂಡು ಹೊರಗೆ ಹೋದ.

*

ಮನೆ ಕಟ್ಟಿ ನೋಡು ಅಂದವರು ಮನೆ ಕಟ್ಟಿಯೇ ಹೇಳಿರಬೇಕು. ಇಬ್ಬರಿಗೂ ಕೇಳಿದವರು ಹುಬ್ಬೇರಿಸುವಷ್ಟು ಸಂಬಳ. ಆ ಧೈರ್ಯದ ಮೇಲೆ ಅಗಲವಾದ ಹಾಲು, ನುಣುಪು ಕಲ್ಲಿನ ನೆಲ, ಜೋಡಿ ಹೆಬ್ಬಾಗಿಲು ಎಲ್ಲ ಆಯಿತು. ಮೆಟ್ಟಿಲಿನ ಸರದಿ ಬರುವಷ್ಟರಲ್ಲಿ ಕೈ ಬರಿದಾಗಿತ್ತು. ಒಡೆಯುತ್ತಿದ್ದ ಒಂದು ಹಳೇ ಪ್ರೆಸ್ಸಿನಿಂದ ಈ ಸುರುಳಿ ಮೆಟ್ಟಿಲನ್ನು ಅಗ್ಗಕ್ಕೆ ತಂದು ನಿಲ್ಲಿಸಿದರು. "ಸದ್ಯಕ್ಕೆ," ಅಂದರು ಯಜಮಾನರು. "ಸದ್ಯಕ್ಕೆ," ಅಂದಳು ಅವಳೂ.

ಮರುವರ್ಷ ಮೆಟ್ಟಿಲಿಗೆಂದು ಕೂಡಿಟ್ಟದ್ದು ಅವಳ ತಮ್ಮನ ಕಾಲೇಜಿಗೆ ಹೋಯಿತು. "ಮೆಟ್ಟಿಲು ಕಾಯುತ್ತೆ ರೀ, ಕಾಲೇಜು ಕಾಯುತ್ತಾ? ಮೆಟ್ಟಿಲಿನ ದುಡ್ಡು ಅಂತ ಮಾತ್ರ ಅವನಿಗೆ ಹೇಳ್ಬೇಡಿ, ಸಂಕೋಚಕ್ಕೆ ಓದೋದೇ ಬಿಟ್ಟಾನು," ಅಂದಿದ್ದಳು. ಆಮೇಲೆ ಮಗಳ ಹಲ್ಲಿಗೆ ತಂತಿ, ಎದುರು ಮನೆಯವರು ಕೊಂಡರೆಂದು ಕೊಂಡ ಕಾರು, ಕಾರಿಗೆ ತಕ್ಕ ಶಾಲೆ, ಶಾಲೆಗೆ ತಕ್ಕ ಸ್ನೇಹಿತರು, ಅವರ ಹುಟ್ಟುಹಬ್ಬಗಳಿಗೆ ತಕ್ಕ ಉಡುಗೊರೆ. ಹಾಸಿಗೆ ದೊಡ್ಡದೇ ಇತ್ತು; ಕಾಲು ಅದಕ್ಕಿಂತ ಉದ್ದವಾಗಿ ಬೆಳೆಯುತ್ತಿತ್ತು.

ಸಂಜೆ ಕೆಲಸದಿಂದ ಬಂದವರು ಆ ದೊಡ್ಡ ಹಾಲಿನಲ್ಲಿ ಕೂರುತ್ತಿರಲಿಲ್ಲ, ಯಾಕೆಂದರೆ ಅದಕ್ಕೊಪ್ಪುವ ಸೋಫಾ ಇನ್ನೂ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಕೂರುತ್ತಿದ್ದರು. ಅವಳು ಮೇಲೆ, ಅವರು ಒಂದು ಮೆಟ್ಟಿಲು ಕೆಳಗೆ, ಅವಳ ಮೊಣಕಾಲು ಅವರ ಬೆನ್ನಿಗೆ.

"ಅಲ್ರೀ, ಬಂದದ್ದೆಲ್ಲ ಎಲ್ಲಿಗೆ ಹೋಗುತ್ತೆ?"

"ನನ್ನನ್ನ ಕೇಳಿದ್ರೆ? ನಾನೂ ಅದನ್ನೇ ಹುಡುಕ್ತಿದ್ದೀನಿ."

"ಹೇಳ್ಕೊಳ್ಳೋಕೆ ಎರಡು ಸಂಬಳ, ತಿಂಗಳ ಕೊನೆಗೆ ಎರಡು ಸೊನ್ನೆ."

"ಈ ತಿಂಗಳು ಒಂದು ಕಳೀಲಿ ಬಿಡೇ."

ಪ್ರತಿ ತಿಂಗಳೂ ಹೀಗೇ ಹೇಳಿ ಇಬ್ಬರೂ ನಗುತ್ತಿದ್ದರು. ಟೀ ಆರುತ್ತಿತ್ತು, ಒಳಗೆ ಮಗಳು ಜೋರಾಗಿ ಪಾಠ ಓದುತ್ತಿದ್ದಳು. ಆಮೇಲೆ ಸೋಫಾ ಬಂತು, ಅದೂ ಹಳತಾಯಿತು. ಮೆಟ್ಟಿಲಿನ ಮೇಲಿನ ಆ ಸಂಜೆಗಳ ಸುಖ ಮಾತ್ರ ಅವರಿಗೆ ಅದರ ಮೇಲೆ ಸಿಗಲಿಲ್ಲ.

*

ಯಜಮಾನರು ಮಹಡಿಗೆ ಹೋಗಿ ಹೆಂಡತಿಯ ಪಕ್ಕ ಕೂತರು. ಭಾವಮೈದನ ಮಾತು ಇನ್ನೂ ಚುಚ್ಚುತ್ತಿತ್ತು. ನಿನ್ನ ಕಾಲೇಜನ್ನೇ ಕೇಳು ಮಾರಾಯ ಅನ್ನುವುದು ಆಗ ನಾಲಿಗೆಯ ತುದಿಗೆ ಬಂದಿತ್ತು. ಅವಳು ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವಳು ಹೋದ ದಿನವೇ ಬಿಚ್ಚುವುದು ಸಲ್ಲದೆಂದು ನುಂಗಿಕೊಂಡಿದ್ದರು.

ಮಗಳು ಬಾಗಿಲಲ್ಲಿ ಬಂದು ನಿಂತಳು. "ಅಪ್ಪ, ವೆಲ್ಡಿಂಗ್‌ನವನು ಹೊರಟಿದ್ದಾನಂತೆ."

"ಬರೋದು ಬೇಡ ಅಂತ ನಿಮ್ಮ ಮಾಮನಿಗೆ ಹೇಳು."

"ಗುಜರಿಗೆ ಹಾಕ್ತೀನಿ ಅಂತ ದಿನಾ ಅದನ್ನ ಬಯ್ತಿದ್ದವನು ನೀನೇ ಅಲ್ವಾ?" ಅವಳ ದನಿ ನಡುಗಿತು. "ನೀವಿಬ್ರೂ ಒಂದು ದಿನ ನಿರಾಳವಾಗಿದ್ದದ್ದು ನಾನು ನೋಡೇ ಇಲ್ಲಪ್ಪ. ನಮ್ಮನೇಲಿ ಯಾವಾಗ್ಲೂ ತಿಂಗಳ ಕೊನೆ. ಅಮ್ಮ ಒಂದು ಒಳ್ಳೇ ಮೆಟ್ಟಿಲೂ ಇಲ್ದೆ ಹೋಗ್ಬಿಟ್ಲು."

"ನಾನು ಕಟ್ಟಿಸೋಕೆ ಹೊರಟಿದ್ದೆ ಕಣಮ್ಮ," ಅಂದರು ಯಜಮಾನರು. "ಅವಳೇ ಬೇಡ ಅಂದ್ಲು."

*

ನಿವೃತ್ತಿಯ ಹಣ ಬಂದ ವಾರವೇ ಅವರು ಮೇಸ್ತ್ರಿಯನ್ನು ಕರೆಸಿದ್ದರು. ಮೇಸ್ತ್ರಿ ಟೇಪು ಹಿಡಿದು ಹಾಲಿನ ಉದ್ದಗಲ ಅಳೆಯುತ್ತಿದ್ದರೆ ಅವಳು ಸುರುಳಿ ಮೆಟ್ಟಿಲಿನ ಮೇಲೆ ಟೀ ಹಿಡಿದು ಕೂತೇ ಇದ್ದಳು.

"ಏಳೇ, ಅಲ್ಲೂ ಅಳೀಬೇಕಂತೆ."

"ನಾನೇಳಲ್ಲ."

"ಅಗಲವಾದದ್ದು ಬರುತ್ತೆ ಕಣೇ. ಮೂರು ಜನ ಒಟ್ಟಿಗೆ ಹತ್ತಬಹುದು."

"ಮೂರನೆಯವರು ಯಾರು?" ಅಂದಳು. "ಅಗಲ ಮೆಟ್ಟಿಲಾದ್ರೆ ನೀವು ಆ ಕಡೆಯಿಂದ ಹೋಗ್ತೀರಿ, ನಾನು ಈ ಕಡೆಯಿಂದ. ಇದ್ರಲ್ಲಿ ತಪ್ಪಿಸ್ಕೊಳ್ಳೋ ಹಾಗಿಲ್ಲ. ಎದುರುಬದುರು ಬಂದ್ರೆ ಮೈಗೆ ಮೈ ತಾಗಿಸ್ಕೊಂಡೇ ಹೋಗ್ಬೇಕು. ಎಷ್ಟು ಜಗಳ ಈ ತಿರುವಿನಲ್ಲೇ ಮುಗಿದಿವೆ, ಮರೆತ್ರಾ?"

ಮೇಸ್ತ್ರಿ ಕೆಮ್ಮಿ ಟೇಪು ಸುತ್ತಿಕೊಂಡ. ಯಜಮಾನರ ಕಿವಿ ಆ ವಯಸ್ಸಿನಲ್ಲೂ ಕೆಂಪಾಯಿತು.

*

ಯಜಮಾನರು ಎದ್ದು ನಿಂತರು.

"ನಾನೇ ಇಳಿಸ್ತೀನಿ. ನಿಲ್ಲಿಸ್ಕೊಂಡು, ಎದೆಗೆ ಆನಿಸ್ಕೊಂಡು. ಹಾಗಾದ್ರೆ ಈ ಮೆಟ್ಟಿಲಲ್ಲಿ ಇಬ್ಬರು ಹಿಡಿಸ್ತೀವಿ. ಅದು ನನಗೆ ಚೆನ್ನಾಗಿ ಗೊತ್ತು."

"ನಿನ್ನ ಸೊಂಟ, ಅಪ್ಪ..."

"ಸೊಂಟ ನಾಳೆ ನೋಯಲಿ."

ಭಾವಮೈದ ಏನೋ ವಾದಿಸಲು ಮೇಲೆ ಬಂದವನು, ಭಾವನ ಮುಖ ನೋಡಿ ಫೋನನ್ನು ಜೇಬಿಗೆ ಹಾಕಿಕೊಂಡ. ಕತ್ತಿನವರೆಗೆ ಬಿಳಿ ಹೊದಿಕೆಯಲ್ಲಿ ಸುತ್ತಿದ್ದ ಅಕ್ಕನನ್ನು ಎತ್ತಿ ನಿಲ್ಲಿಸಲು ತಾನೇ ಕೈ ಕೊಟ್ಟ. ಯಜಮಾನರು ಹಿಮ್ಮುಖವಾಗಿ ಇಳಿಯತೊಡಗಿದರು. ಅವಳ ತಲೆ ಅವರ ಹೆಗಲ ಮೇಲಿತ್ತು. ಮೇಲಿನ ಮೆಟ್ಟಿಲಲ್ಲಿ ಭಾವಮೈದ ಅವಳ ಕಂಕುಳಿಗೆ ಕೈ ಕೊಟ್ಟು ಭಾರ ಹೊತ್ತಿದ್ದ. ಕೆಳಗಿನಿಂದ ಮಗಳು ಅಪ್ಪನ ಪಾದ ಹಿಡಿದು ದಾರಿ ತೋರಿಸುತ್ತಿದ್ದಳು. "ಎಡಗಾಲು... ಹಾಂ... ಈಗ ಬಲಗಾಲು, ನಿಧಾನ ಅಪ್ಪ."

ಕಂಬಿಗೆ ಎಲ್ಲೂ ತಗುಲಲಿಲ್ಲ. ಲಿಫ್ಟ್ ಕೂರಿಸುವವರ ಲೆಕ್ಕ ಅದು, ಬೆರಳಷ್ಟು ಜಾಗ ಸಾಕು.

ನಡುವಿನ ತಿರುವಿಗೆ ಬಂದಾಗ ಅವರ ಉಸಿರು ಕಟ್ಟಿತು. ಮೆಟ್ಟಿಲಿನ ನಡುಗಂಬಕ್ಕೆ ಬೆನ್ನು ಕೊಟ್ಟು ನಿಂತರು. ಕಣ್ಣು ಮುಚ್ಚಿತು. ಕೆನ್ನೆ ತಾನಾಗಿ ಅವಳ ಕೂದಲಿಗೆ ಒತ್ತಿಕೊಂಡಿತು.

"ಸಾರ್, ಹೊತ್ತಾಗ್ತಿದೆ," ಕೆಳಗಿನಿಂದ ಡ್ರೈವರು ಕೂಗಿದ.

"ಸ್ವಲ್ಪ ಇರಯ್ಯ," ಅಂದ ಭಾವಮೈದ.

ಹಾಲಿನಲ್ಲಿದ್ದವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಟೀಚರಮ್ಮನ ಪಿಸುಮಾತೂ ನಿಂತಿತ್ತು. ಯಾರು ಯಾರಿಗೆ ಆತುಕೊಂಡು ನಿಂತಿದ್ದಾರೆಂದು ಕೆಳಗಿನವರಿಗೆ ಗೊತ್ತಾಗುವಂತಿರಲಿಲ್ಲ. ಅಕ್ಕನ ಭಾರ ತನ್ನ ಕೈಯಿಂದ ಜಾರಿ ಪೂರ್ತಿ ಭಾವನ ಎದೆಯ ಮೇಲೆ ಕೂತಿದ್ದು ಭಾವಮೈದನಿಗೆ ತಿಳಿಯಿತು. ಅವನು ಮೆಲ್ಲನೆ ಕೈ ಸಡಿಲಿಸಿ, ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿ, ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡು ನಿಂತ.