ಬೂದಿಯಲ್ಲಿ ಆರಿದ ಮಣಿ

"ನಾನು ಮಾಫಿ ಮಾಡಲ್ಲ. ಎತ್ಬೇಡ್ರಿ!"

ಜನಾಜಾ ಎತ್ತಲು ಬಗ್ಗಿದ್ದ ನಾಲ್ವರೂ ಹಾಗೇ ನಿಂತರು. ಶವ ಮನೆ ಬಿಡುವ ಮುಂಚೆ ಮನೆಯವರೊಬ್ಬರು ಕೇಳಲೇಬೇಕಾದ ಮಾತನ್ನು ತೌಹೀದ್ ಆಗಷ್ಟೇ ಕೇಳಿದ್ದ: "ನಮ್ಮ ಭಾವ ಕಲಂದರ್‌ನಿಂದ ಯಾರಿಗಾದ್ರೂ ತಪ್ಪಾಗಿದ್ರೆ ಅಲ್ಲಾನ ಹೆಸರಲ್ಲಿ ಮಾಫಿ ಮಾಡ್ರಿ." ಇಂಥ ಮಾತಿಗೆ ಹಿರಿಯೂರಿನ ಜನ ತಲೆಯಾಡಿಸುತ್ತಾರೆ, ಅಷ್ಟೇ ವಾಡಿಕೆ. ಬಾಯಿ ಬಿಟ್ಟವನು ಯಲ್ಲದಕೆರೆಯ ಕಾಟಪ್ಪ. ಕಲಂದರನಂತೆ ಅವನೂ ಗಾಜಿನ ಮಣಿ ಮಾಡುವವನು.

"ಜಗಳಕ್ಕೆ ಇದೇನು ಹೊತ್ತಾ, ಕಾಟಪ್ಪ?" ಎಂದ ತೌಹೀದ್.

"ಕೇಳಿದ್ದು ನೀವೇ ತಾನೇ? ನಾಲ್ಕು ವರ್ಷದಿಂದ ಹೊಟ್ಟೆ ಉರೀತೈತೆ. ಕಣ್ಣಿನ ಮಣಿ ಮಾಡೋದು ಕಲಿಸ್ತೀನಿ ಅಂತ ಕೂರಿಸ್ಕಂಡು ಏನೋ ಒಂದು ಮುಚ್ಚಿಟ್ಟ. ಮಾಡಿದ್ದೆಲ್ಲ ಸೀಳು. ಚೆನ್ನಾಗಿ ಕಂಡವನ್ನ ಆರಿಸಿ ತಂಗಿ ಮಗಳ ಮದುವೆಗೆ ಸರ ಮಾಡಿಕೊಟ್ಟೆ. ಧಾರೆ ಹೊತ್ನಾಗೆ ಕೊರಳಲ್ಲೇ ಟಪ್ ಅಂತ ಒಡೀತು. ಅಪಶಕುನ ಅಂದ್ರು. ತಂಗಿ ಇವತ್ತಿಗೂ ನನ್ನ ಮಾತಾಡ್ಸಲ್ಲ."

ಬಾಗಿಲ ಪರದೆಯ ಹಿಂದೆ ಕಲಂದರನ ಮಗಳು ಸನೋಬರ್ ತಾಯಿಯ ಹಿಡಿತದಿಂದ ಕೈ ಬಿಡಿಸಿಕೊಂಡಳು. ತಾಯಿ ಶಬನಾ ಕಣ್ಣಲ್ಲೇ ಗದರಿದಳು, ಸುಮ್ಮನಿರು ಎಂದು. ಸುಮ್ಮನಿದ್ದು ಸುಮ್ಮನಿದ್ದೇ ಸನೋಬರ್‌ಗೆ ಸಾಕಾಗಿಹೋಗಿತ್ತು.

*

ನಾಲ್ಕು ವರ್ಷದ ಹಿಂದಿನ ಆ ಭಾನುವಾರ ಹೊಸದುರ್ಗ, ಹೊಳಲ್ಕೆರೆ ಕಡೆಯಿಂದಲೂ ಮಣಿ ಮಾಡುವವರು ಕಲಂದರನ ಅಂಗಳದಲ್ಲಿ ಸೇರಿದ್ದರು. ತಿಂಗಳಿಗೊಮ್ಮೆ ಸೇರುವುದು, ಒಬ್ಬರು ತಮ್ಮ ಕೈಚಳಕ ಬಿಚ್ಚಿ ತೋರಿಸುವುದು, ಆಮೇಲೆ ಚಹಾ. ಗುಟ್ಟು ಮಾಡುವವರಿಗೆ ಅಲ್ಲಿ ಜಾಗವಿರಲಿಲ್ಲ.

ಕಲಂದರ್ ಗ್ಯಾಸಿನ ಉರಿಯಲ್ಲಿ ನೀಲಿ ಗಾಜು ಕರಗಿಸಿ ಕಬ್ಬಿಣದ ಕಡ್ಡಿಗೆ ಸುತ್ತಿದ. ಮೇಲೊಂದು ಬಿಳಿ ಚುಕ್ಕಿ, ಅದರೊಳಗೊಂದು ಕಪ್ಪು ಚುಕ್ಕಿ. ಮಣಿ ಕಣ್ಣು ಬಿಟ್ಟಿತು.

"ಮೂರು ವರ್ಷ ತಿಪ್ಪರಲಾಗ ಹಾಕಿ ನಾನೇ ಕಂಡಿಡಿದಿದ್ದು," ಎಂದ.

ಚಹಾ ತಟ್ಟೆ ಹಿಡಿದು ನಿಂತಿದ್ದ ಸನೋಬರ್‌ಗೆ ಮೈಯೆಲ್ಲ ಉರಿದುಹೋಯಿತು. ಕಂಡುಹಿಡಿದವಳು ಅವಳು, ಅಪ್ಪನಿಗೆ ಕಲಿಸಿದವಳೂ ಅವಳೇ. ಅವನು ಮಾಡಿಟ್ಟ ಬಿಸಿ ಮಣಿಯನ್ನು ದಿನಾ ಒಳಗೊಯ್ದು, ನಿಧಾನಕ್ಕೆ ಆರಿ ಸೀಳದಿರಲೆಂದು, ಒಲೆಯ ಬಿಸಿ ಬೂದಿ ತುಂಬಿದ ತಗಡಿನ ಡಬ್ಬದಲ್ಲಿ ಹುಗಿದು ಮರುದಿನ ತೆಗೆಯುತ್ತಿದ್ದಳು. ಒಳಗೆ ಏನು ಮಾಡುತ್ತೀಯೆಂದು ಆ ಮಹಾರಾಯ ಒಂದು ದಿನವೂ ಕೇಳಿರಲಿಲ್ಲ. ಕಲಂದರ್ ಕೆಟ್ಟವನಲ್ಲ. ಕೈ ಖಾಲಿಯಾದವರಿಗೆ ತನ್ನ ಗಾಜನ್ನೇ ಕೊಟ್ಟು ಕಳಿಸುತ್ತಿದ್ದ. ಆದರೆ ಹತ್ತು ಜನರ ಮುಂದೆ ಮಗಳ ಹೆಸರು ಹೇಳಬೇಕೆಂದರೆ ನಾಲಿಗೆ ಏಳುತ್ತಿರಲಿಲ್ಲ.

"ಆಮೇಲೆ?" ಎಂದ ಕಾಟಪ್ಪ.

"ಆಮೇಲೇನು, ಆರಾಕೆ ಬಿಡೋದು. ಅಷ್ಟೇ."

"ಅಬ್ಬಾ, ಆರ್ಸೋದು..." ಎಂದು ಸನೋಬರ್ ಅಪ್ಪನನ್ನು ಕರೆದಳು.

"ಚಾ ತಣ್ಣಗಾಗ್ತೈತೆ, ಮೊದ್ಲು ಅದು ಕೊಡಮ್ಮ," ಎಂದ ಕಲಂದರ್.

ಎಲ್ಲರೂ ನಕ್ಕರು. ಅವಳು ಮತ್ತೆ ಆ ಮಾತೆತ್ತಲಿಲ್ಲ. ಒಡೀಲಿ, ಎಲ್ಲರ ಮಣಿಯೂ ಒಡೀಲಿ ಎಂದುಕೊಂಡಳು. ಒಡೆದವು. ಕಾಟಪ್ಪ ಬಂದು ಕೂಗಾಡಿದಾಗ ಕಲಂದರ್, "ಎಲ್ಲಾ ನಿನ್ನ ಕೈಗುಣ ಕಣಪ್ಪ," ಎಂದ. ಪಾಪ, ಹಾಗೆಂದೇ ಅವನು ನಂಬಿದ್ದ.

*

ಸನೋಬರ್ ಅಡುಗೆಮನೆಯಿಂದ ಬೂದಿಯ ಆ ತಗಡಿನ ಡಬ್ಬ ಎತ್ತಿಕೊಂಡು ಪರದೆ ಸರಿಸಿ ಹೊರಗೆ ಬಂದಳು.

"ಸನೋಬರ್, ಒಳಗೆ ಹೋಗು!" ತೌಹೀದ್ ಗದರಿದ.

"ಇಷ್ಟು ವರ್ಷ ಒಳಗೇ ಇದ್ನಲ್ಲ ಮಾಮು." ಡಬ್ಬವನ್ನು ಕಾಟಪ್ಪನ ಮುಂದೆ ಕುಕ್ಕಿ ಮುಚ್ಚಳ ತೆಗೆದಳು. "ಕೈ ಹಾಕ್ರಿ, ಕಾಟಪ್ಪಣ್ಣ."

ಬೂದಿ ಇನ್ನೂ ಬೆಚ್ಚಗಿತ್ತು. ಕೈ ತೆಗೆದಾಗ ಅವನ ಬೆರಳ ನಡುವೆ ನೀಲಿ ಮಣಿಯೊಂದಿತ್ತು. ಕೂದಲೆಳೆಯಷ್ಟೂ ಸೀಳಿರಲಿಲ್ಲ.

"ಅಬ್ಬ ನಿನ್ನೆ ಸಂಜೆ ಮಾಡಿದ್ದು. ಬೂದಿಗೆ ಹಾಕಿದ್ದು ನಾನು. ಅವರು ನಿಮಗೇನೂ ಮುಚ್ಚಿಡ್ಲಿಲ್ಲ, ಅವರಿಗೆ ಗೊತ್ತೇ ಇರ್ಲಿಲ್ಲ. ಕಣ್ಣಿನ ಮಣಿ ನಂದು. ಗೊತ್ತಿದ್ದೂ ಬಾಯಿ ಮುಚ್ಕಂಡಿದ್ದೋಳು ನಾನು. ಬೈಯೋದಾದ್ರೆ ನನ್ನ ಬೈರಿ."

ಕಾಟಪ್ಪ ಮಣಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಥೂ ನನ್ನ! ಸುಮ್ ಸುಮ್ನೆ ಶಾಪ ಹಾಕಿದ್ನಲ್ಲೋ ಕಲಂದರ್," ಎಂದು ಜನಾಜಾದ ಕಡೆ ಕೈ ಮುಗಿದ. "ಮಾಫಿ ಮಾಡಿದೀನಪ್ಪ." ಆಮೇಲೆ ಸನೋಬರ್ ಕಡೆ ತಿರುಗಿದ. "ನಿಮ್ಮಪ್ಪನ್ನ ನೀನು ಮಾಫಿ ಮಾಡಿದ್ಯೇನವ್ವ?"

ಬೆಳಗಿನಿಂದ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ. ಓಣಿಯೆಲ್ಲ ಅವಳ ಬಾಯನ್ನೇ ನೋಡಿತು. ಹೂಂ ಅಂದುಬಿಡೆಂದು ಶಬನಾ ಒಳಗಿಂದಲೇ ಅಳುತ್ತಾ ಬೇಡಿದಳು.

"ಇವತ್ತು ಕೇಳ್ಬೇಡ್ರಿ," ಎಂದಳು ಸನೋಬರ್. "ಹೊತ್ತಾಗ್ತೈತೆ. ಎತ್ರಿ."

ಕಾಟಪ್ಪ ಮಣಿಯನ್ನು ಅವಳ ಅಂಗೈಗಿಟ್ಟು ಹೋಗಿ ಹೆಗಲು ಕೊಟ್ಟ. ಜನಾಜಾ ಓಣಿ ತಿರುಗುವವರೆಗೂ ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಶವದ ಮೇಲೆ ಹೊದಿಸಿದ್ದ ಹಸಿರು ಬಟ್ಟೆಯ ಅಂಚಿನಲ್ಲಿ, ಕಾಟಪ್ಪ ಕೈಯಿಟ್ಟ ಕಡೆ, ಅವಳ ಒಲೆಯ ಬೂದಿ ಐದು ಬೆರಳಾಗಿ ಮೂಡಿತ್ತು.